ದೆಹಲಿಯಲ್ಲಿ ಕೇಳುವ ನ್ಯಾಯ, ಹಳ್ಳಿಗೆ ಕೊಡದ ನ್ಯಾಯ

ತೆರಿಗೆಯ ನ್ಯಾಯಯುತ ಪಾಲು ಬೇಕೆಂದು 2024ರ ಫೆಬ್ರುವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, ಸಚಿವರು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಅದನ್ನು ಬರಿಯ ರಾಜಕೀಯ ನಾಟಕವೆಂದು ತಳ್ಳಿಹಾಕಿದವರ ಪಂಗಡಕ್ಕೆ ನಾನು ಸೇರಿದವನಲ್ಲ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಗಳಲ್ಲಿ 14ನೇ ಹಣಕಾಸು ಆಯೋಗ ನಮಗೆ ಶೇ 4.713ರಷ್ಟು ಪಾಲು ನೀಡಿತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ತಲಾ ಆದಾಯ ಹೆಚ್ಚಿಸಿಕೊಂಡದ್ದೇ ಇಳಿಕೆಗೆ ಮುಖ್ಯ ಕಾರಣವಾಯಿತು. ಬಡ ರಾಜ್ಯಗಳಿಗೆ ಹೆಚ್ಚು ಹೋಗಲಿ, ತಕರಾರಿಲ್ಲ. ಆದರೆ ಸೆಸ್ ಮತ್ತು ಸರ್‌ಚಾರ್ಜ್‌ಗಳ ಹೆಸರಿನಲ್ಲಿ ಕೇಂದ್ರ ಸಂಗ್ರಹಿಸುವ ಹಣ ಈ ಹಂಚಿಕೆಯ ಬುಟ್ಟಿಗೇ ಬೀಳುವುದಿಲ್ಲ. 2017ರಲ್ಲಿ ಜಿಎಸ್‌ಟಿ ಜಾರಿಯಾದ ಮೇಲಂತೂ ಪೆಟ್ರೋಲು, ಮದ್ಯ, ನೋಂದಣಿ ಶುಲ್ಕ, ವಾಹನ ತೆರಿಗೆಗಳನ್ನು ಬಿಟ್ಟರೆ ರಾಜ್ಯ ತಾನಾಗಿ ದರ ನಿಗದಿ ಮಾಡಬಹುದಾದದ್ದು ಹೆಚ್ಚೇನೂ ಉಳಿದಿಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಮತ್ತೊಂದು ಪ್ರಶ್ನೆ ಏಳುತ್ತದೆ. ದೆಹಲಿಗೆ ಹೀಗೆ ಅಹವಾಲು ಒಯ್ಯುವ ವಿಧಾನಸೌಧ ತನ್ನ ಕೆಳಗಿನ ಸರ್ಕಾರಗಳನ್ನು ಹೇಗೆ ನಡೆಸಿಕೊಂಡಿದೆ?

ನಾನು ಬಲ್ಲ ಗ್ರಾಮ ಪಂಚಾಯಿತಿಯೊಂದರ ಸ್ಥಿತಿ ನೋಡಿ. ಮನೆಗಂದಾಯ, ನೀರಿನ ಕರ ಇವೇ ಅದರ ಸ್ವಂತ ಆದಾಯ. ಬೀದಿದೀಪ ಮತ್ತು ಕೊಳವೆಬಾವಿ ಪಂಪುಗಳ ವಿದ್ಯುತ್ ಬಿಲ್ಲಿಗೇ ಅದರ ಬಹುಪಾಲು ಸಾಲುವುದಿಲ್ಲ. ಇನ್ನು 15ನೇ ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂಬ ಕಟ್ಟಳೆಯಿತ್ತು. ಊರಿಗೆ ತುರ್ತಾಗಿ ಬೇಕಾದದ್ದು ಮಳೆಗಾಲದಲ್ಲಿ ಮುಳುಗುವ ಕಾಲುಸೇತುವೆ. ಅದಕ್ಕೆ ಹಣ ಹೊಂದಿಸಲು ಅಧ್ಯಕ್ಷರು ಶಾಸಕರ ಮನೆ ಬಾಗಿಲಲ್ಲಿ ನಿಲ್ಲಬೇಕು. ಶಾಸಕರಿಗೂ ಅವರು ಹಾಗೆ ಬಂದು ನಿಲ್ಲುವುದೇ ಇಷ್ಟವೆಂಬುದು ನನ್ನ ಗುಮಾನಿ.

ಈ ನಾಡು ಹೀಗಿರಲಿಲ್ಲ. 1983ರ ಶಾಸನದ ಮೂಲಕ ರಾಮಕೃಷ್ಣ ಹೆಗಡೆ ಸರ್ಕಾರದ ಸಚಿವ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ, ಹಣ, ನೌಕರವರ್ಗ ಮೂರನ್ನೂ ಒಟ್ಟಿಗೆ ವರ್ಗಾಯಿಸಲು ಹೊರಟರು. 1987ರಲ್ಲಿ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ದೊರೆಯಿತು. ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಆ ಮನುಷ್ಯನಿಗೆ ನೀರಿನಷ್ಟೇ ಅಧಿಕಾರವೂ ಹಳ್ಳಿಗೆ ಹರಿಯಬೇಕೆಂಬ ಹಂಬಲವಿತ್ತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಎಷ್ಟೋ ಮುಂಚಿನ ಮಾತಿದು.

ಅದೇ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದಾಗಲೂ ಆಡಳಿತಾಧಿಕಾರಿಯೇ ಬಂದರು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಕಾರಣಗಳೇನೋ ಇದ್ದವು. ಎಲ್ಲ ಪಕ್ಷಗಳ ಸರ್ಕಾರಗಳಿಗೂ ಅವು ಅನುಕೂಲಕರವಾಗಿಯೇ ಒದಗಿದವು.

ಕೇಂದ್ರ ಹಣಕಾಸು ಆಯೋಗದಂತೆಯೇ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವೂ ರಚನೆಯಾಗಬೇಕೆಂದು ಸಂವಿಧಾನ ಹೇಳುತ್ತದೆ. ದೆಹಲಿಯ ಆಯೋಗದ ಪ್ರತಿ ದಶಮಾಂಶಕ್ಕೂ ಕಾದಾಡುವ ನಮ್ಮ ಶಾಸಕರು, 2023ರಲ್ಲಿ ರಚನೆಯಾದ ನಮ್ಮದೇ ಐದನೇ ಆಯೋಗದ ಶಿಫಾರಸುಗಳ ಬಗ್ಗೆ ಸದನದಲ್ಲಿ ಒಂದಿಡೀ ದಿನ ಚರ್ಚಿಸಲಿ. ಹಳ್ಳಿಗೆ ಕೊಡುವ ಹಣದಲ್ಲಿ ಷರತ್ತಿಲ್ಲದ ಪಾಲು ಎಷ್ಟೆಂಬುದನ್ನು ಅಲ್ಲಿಯೇ ಪ್ರಕಟಿಸಲಿ.