ಬಾಗಿಲು ಹಾಕಿದ್ದೀಯಾ ಅಜ್ಜಿ?

ಅಮೆರಿಕದ ಮಕ್ಕಳ ಮನೋವೈದ್ಯೆ ಜುಡಿತ್ ರಾಪೊಪೋರ್ಟ್ 1989ರಲ್ಲಿ ಒಂದು ಪುಸ್ತಕ ಬರೆದರು. ಅದರ ಹೆಸರನ್ನು ಕನ್ನಡದಲ್ಲಿ ‘ತೊಳೆಯುವುದನ್ನು ನಿಲ್ಲಿಸಲಾರದ ಹುಡುಗ’ ಎನ್ನಬಹುದು. ಅದರಲ್ಲಿ 14 ವರ್ಷದ ಒಬ್ಬ ಹುಡುಗ ಬರುತ್ತಾನೆ. ದಿನಕ್ಕೆ 3 ಗಂಟೆಗೂ ಹೆಚ್ಚು ಹೊತ್ತು ಮೈ ತೊಳೆಯುತ್ತಿದ್ದ. ಮೈಗೆ ಏನೋ ಅಂಟಂಟು ಮೆತ್ತಿಕೊಂಡಿದೆ, ಎಷ್ಟು ತೊಳೆದರೂ ಹೋಗಿಲ್ಲ ಎಂಬ ಸಂಕಟ. ಓದಿನಲ್ಲಿ ಚುರುಕಾಗಿದ್ದವನು ಶಾಲೆಯನ್ನೇ ಬಿಡಬೇಕಾಯಿತು.

ನನ್ನ ಮನಸ್ಸಿನಲ್ಲಿ ಆ ಹುಡುಗನಿಗಿಂತ ಹೆಚ್ಚಾಗಿ ಉಳಿದವಳು ಅವನ ತಾಯಿ. ಮೊದಮೊದಲು ಅವಳು ಮಗನನ್ನು ತಡೆದಳು. ಅವನು ಪಡುವ ಪಾಡು ನೋಡಲಾಗದೆ ಕೊನೆಗೆ ತಾನೇ ಮನೆಯ ಸಾಮಾನುಗಳನ್ನೆಲ್ಲ ಸ್ಪಿರಿಟ್ ಹಚ್ಚಿ ಒರೆಸತೊಡಗಿದಳು. ಕ್ರಿಮಿ ಬಂದೀತೆಂದು ಹೊರಗಿನವರನ್ನು ಮನೆಯೊಳಗೆ ಬಿಡುವುದನ್ನೂ ನಿಲ್ಲಿಸಿದಳು. ಯಾವ ತಾಯಿಯಾದರೂ ಹೀಗೇ ಮಾಡಿಯಾಳು. ಅಜ್ಜಿಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಆದರೆ ಈ ‘ಸಹಾಯ’ ರೋಗಿಗೆ ಆಗುತ್ತದೋ ರೋಗಕ್ಕೆ ಆಗುತ್ತದೋ? ಆ ಪುಸ್ತಕ ಬಂದ ನಂತರದ ವರ್ಷಗಳಲ್ಲಿ ಸಂಶೋಧಕರು ಈ ಪ್ರಶ್ನೆಯ ಬೆನ್ನು ಹತ್ತಿದರು. ಅವರು ಕಂಡುಕೊಂಡದ್ದು ಮೊಮ್ಮಕ್ಕಳಿರುವ ಎಲ್ಲ ಮನೆಗಳಿಗೂ ಬೇಕಾದದ್ದು.

ಮಕ್ಕಳೇ, ಈ ಕಾಯಿಲೆಗೆ ಕನ್ನಡದಲ್ಲಿ ಗೀಳು ಕಾಯಿಲೆ ಅನ್ನುತ್ತಾರೆ. ವೈದ್ಯರ ಬಾಯಲ್ಲಿ ಒಸಿಡಿ. ಬೇಡವೆಂದರೂ ಒಂದು ಯೋಚನೆ ಮತ್ತೆ ಮತ್ತೆ ನುಗ್ಗುತ್ತದೆ; ಅದು ತರುವ ಭಯವನ್ನು ಇಳಿಸಿಕೊಳ್ಳಲು ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ತೊಳೆಯುವುದು, ಎಣಿಸುವುದು, ಮುಟ್ಟಿ ನೋಡುವುದು, ಬರೆದದ್ದನ್ನು ಅಳಿಸಿ ಬರೆಯುವುದು, ಕೇಳಿದ್ದನ್ನೇ ಕೇಳುವುದು.

ಹಾಗಾದರೆ ಎರಡು ಸಲ ಬೀಗ ಎಳೆದು ನೋಡುವವರೆಲ್ಲ ರೋಗಿಗಳೇ? ಅಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕ್ಯಾಶ್ ಕೌಂಟರಿನಲ್ಲಿ ನೋಟಿನ ಕಟ್ಟನ್ನು ಎರಡು ಸಲ ಎಣಿಸದೆ ಯಾರೂ ಕೊಡುವುದಿಲ್ಲ. ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಅವೂ ಇಬ್ಬರ ಕೈಯಲ್ಲಿ. ಅದು ಎಚ್ಚರ. ಲೆಕ್ಕ ಹೊಂದಿದ ಮೇಲೆ ಮನಸ್ಸು ಆ ಕಟ್ಟನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಗೀಳಿನಲ್ಲಿ ಲೆಕ್ಕ ಹೊಂದಿದರೂ ಮನಸ್ಸು ಒಪ್ಪುವುದಿಲ್ಲ. ನಮ್ಮ ಮನೆಗಳ ಮಡಿಯ ಮಾತೂ ಹಾಗೆಯೇ. ಮಿಂದು, ಮಡಿಯುಟ್ಟು, ಪೂಜೆ ಮುಗಿಸಿದರೆ ಮಡಿ ಅಲ್ಲಿಗೆ ಮುಗಿಯಿತು. ಗೀಳಿಗೆ ಆ ಮುಗಿತಾಯ ಇಲ್ಲ. ಇಂಥ ಕೆಲಸಗಳಲ್ಲೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಳೆಯುತ್ತಿದ್ದರೆ, ಇಲ್ಲವೇ ಪಾಠ, ಆಟ, ಊಟ ಕೆಡುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆ ಎಂದು ಪರಿಗಣಿಸುತ್ತಾರೆ.

ಈಗ ಹೀಗೊಂದು ಮನೆ ಎಂದುಕೊಳ್ಳಿ. ರಾತ್ರಿ ಒಂಬತ್ತು ಗಂಟೆ. ‘ಬಾಗಿಲು ಹಾಕಿದ್ದೀಯಾ ಅಜ್ಜಿ?’ ‘ಹಾಕಿದ್ದೀನಿ ಮಗು.’ ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಅಜ್ಜಿ ಎದ್ದು ಹೋಗಿ ಚಿಲಕ ತೋರಿಸುತ್ತಾರೆ. ಮಗುವಿಗೆ ಹಾಯೆನಿಸುತ್ತದೆ. ಆ ಹಾಯೆನಿಸುವ ಗಳಿಗೆಯೇ ಇಲ್ಲಿ ಪಾಠ ಕಲಿಸುವ ಮೇಷ್ಟ್ರು. ‘ಕೇಳಿದ್ದರಿಂದ ಭಯ ಹೋಯಿತು’ ಎಂದು ಮಿದುಳು ಗುರುತು ಹಾಕಿಕೊಳ್ಳುತ್ತದೆ. ಭಯ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗಲಿಲ್ಲ. ನಾಳೆ ಪ್ರಶ್ನೆ ನಾಲ್ಕು ಸಲ, ನಾಡಿದ್ದು ಹತ್ತು ಸಲ. ಕೈಸಾಲ ತೀರಿಸಲು ಇನ್ನೊಂದು ಕೈಸಾಲ ಎತ್ತಿದ ಹಾಗೆ: ಇವತ್ತಿಗೆ ನೆಮ್ಮದಿ, ಅಸಲು ಮಾತ್ರ ಬೆಳೆಯುತ್ತಲೇ ಇರುತ್ತದೆ.

ಈ ಸುರುಳಿಯನ್ನು ಕತ್ತರಿಸುವ ದಾರಿ ತೋರಿಸಿದವರು ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್. 1966ರಲ್ಲಿ ಅವರು ಇಬ್ಬರು ರೋಗಿಗಳ ಬಗ್ಗೆ ಬರೆದರು. ಭಯ ಹುಟ್ಟಿಸುವ ವಸ್ತುವನ್ನು ರೋಗಿ ಮುಟ್ಟಬೇಕು, ಆಮೇಲೆ ತೊಳೆಯಬಾರದು. ದಾದಿಯರು ಜೊತೆಗಿದ್ದು ನೋಡಿಕೊಳ್ಳುತ್ತಿದ್ದರು; ತೊಳೆಯುವ ಗೀಳಿನ ರೋಗಿಯ ಕೋಣೆಯ ನಲ್ಲಿಯ ನೀರನ್ನೇ ನಿಲ್ಲಿಸಿದ್ದರು. ಆಗಿನವರಿಗೆ ಇದು ಕ್ರೂರ ಅನ್ನಿಸಿರಬಹುದು. ಆದರೆ ರೋಗಿಗಳು ಸುಧಾರಿಸಿದರು. ಕೆರೆಗೆ ಇಳಿದ ಮೊದಲ ಕ್ಷಣ ಮೈ ಜುಮ್ಮೆನ್ನುತ್ತದೆ, ಅಲ್ಲೇ ನಿಂತರೆ ಸ್ವಲ್ಪ ಹೊತ್ತಿಗೆ ನೀರು ಹಿತವಾಗುತ್ತದೆ. ಭಯದ ಸ್ವಭಾವವೂ ಬಹುಮಟ್ಟಿಗೆ ಅದೇ.

ಮಕ್ಕಳಿಗೆ ಹೊಂದುವಂತೆ ಇದನ್ನು ಹದಗೊಳಿಸಿದವರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜಾನ್ ಮಾರ್ಚ್ ಮುಖ್ಯರು. ಅವರ ವಿಧಾನದಲ್ಲಿ ನಲ್ಲಿ ನಿಲ್ಲಿಸುವ ಮಾತಿಲ್ಲ. ಮಗು ಮೊದಲು ಗೀಳನ್ನು ತನ್ನಿಂದ ಬೇರೆಯಾದ ಒಬ್ಬ ಕಿಡಿಗೇಡಿ ಎಂದು ನೋಡಲು ಕಲಿಯುತ್ತದೆ. ಪುಟ್ಟ ಮಕ್ಕಳು ಅದಕ್ಕೊಂದು ಅಡ್ಡಹೆಸರನ್ನೂ ಇಡುತ್ತಾರೆ. ಆಮೇಲೆ ಭಯಗಳನ್ನು ಏಣಿಯ ಮೆಟ್ಟಿಲಿನಂತೆ ಜೋಡಿಸುವುದು: ಕೆಳಗಿನ ಮೆಟ್ಟಿಲಲ್ಲಿ ಶಾಲೆಯ ಚೀಲದ ತಳ ಮುಟ್ಟುವುದು, ಅದರ ಮೇಲೆ ಬಾಗಿಲ ಹಿಡಿ, ಕೊನೆಗೆ ಬಸ್ಸಿನ ಕಂಬಿ. ಯಾವ ಮೆಟ್ಟಿಲು ಯಾವಾಗ ಎಂಬುದರಲ್ಲಿ ಮಗುವಿನ ಮಾತು ನಡೆಯುತ್ತದೆ. ಆದ್ದರಿಂದ ‘ಕೊಳೆ ಮುಟ್ಟಿಸಿಬಿಟ್ಟರೆ ಸರಿಹೋಗುತ್ತಾನೆ’ ಎಂದು ಮೊಮ್ಮಗನ ರಟ್ಟೆ ಹಿಡಿದು ಎಳೆಯುವ ತಾತಂದಿರು ದಯವಿಟ್ಟು ತಡೆಯಬೇಕು. ಅದು ಈ ಚಿಕಿತ್ಸೆ ಅಲ್ಲ.

ಇದರ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. 7ರಿಂದ 17 ವರ್ಷದ 112 ಮಕ್ಕಳು, 28ರಂತೆ ನಾಲ್ಕು ಗುಂಪು, 12 ವಾರ. ಒಂದು ಗುಂಪಿಗೆ ಈ ತರಬೇತಿ, ಒಂದಕ್ಕೆ ಸರ್ಟ್ರಾಲಿನ್ ಎಂಬ ಮಾತ್ರೆ, ಒಂದಕ್ಕೆ ಎರಡೂ, ಉಳಿದದ್ದಕ್ಕೆ ಔಷಧಿಯಿಲ್ಲದ ಬರೀ ಮಾತ್ರೆ. ಕೊನೆಗೆ ಕಾಯಿಲೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವ ಮಟ್ಟಕ್ಕೆ ಬಂದವರು ಎರಡೂ ಪಡೆದ ಗುಂಪಿನಲ್ಲಿ ಶೇ 53.6, ತರಬೇತಿ ಮಾತ್ರ ಪಡೆದವರಲ್ಲಿ ಶೇ 39.3, ಮಾತ್ರೆ ಮಾತ್ರ ಪಡೆದವರಲ್ಲಿ ಶೇ 21.4, ಬರೀ ಮಾತ್ರೆಯವರಲ್ಲಿ ಶೇ 3.6. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 28ರಲ್ಲಿ ಕ್ರಮವಾಗಿ 15, 11, 6 ಮತ್ತು 1. ‘ಅಯ್ಯೋ, ಮನಸ್ಸಿನ ಕಾಯಿಲೆ, ವಾಸಿಯಾಗುವುದುಂಟೇ’ ಎನ್ನುವವರಿಗೆ ಈ ನಾಲ್ಕು ಅಂಕಿ ತೋರಿಸಬಹುದು. ಮಾತ್ರೆ ಯಾರಿಗೆ ಬೇಕು, ಎಷ್ಟು ಬೇಕು ಎಂಬುದನ್ನು ಮಾತ್ರ ಮನೋವೈದ್ಯರೇ ಹೇಳಬೇಕು. ಪಕ್ಕದ ಮನೆಯ ಮಗುವಿನ ಚೀಟಿ ಹಿಡಿದು ಔಷಧದ ಅಂಗಡಿಗೆ ಹೋಗುವಂತಿಲ್ಲ.

ಗೀಳಿನ ಜೊತೆಗೇ ಎಷ್ಟೋ ಮಕ್ಕಳಲ್ಲಿ ಕಾಣಿಸುವ ಇನ್ನೊಂದು ತೊಂದರೆ ಟಿಕ್. ಪಟಪಟನೆ ಕಣ್ಣು ಮಿಟುಕಿಸುವುದು, ಕುತ್ತಿಗೆ ಸೆಳೆಯುವುದು, ಹೆಗಲು ಎಗರಿಸುವುದು, ಗಂಟಲಲ್ಲಿ ಏನೋ ಸದ್ದು ಮಾಡುವುದು. ಮನೆಯವರು ಮೊದಲು ಟಿವಿಯನ್ನು ಬೈಯುತ್ತಾರೆ, ಆಮೇಲೆ ಕಣ್ಣಿನ ಡಾಕ್ಟರ ಬಳಿ ಹೋಗುತ್ತಾರೆ, ಕೊನೆಗೆ ‘ಚೇಷ್ಟೆ ನಿಲ್ಲಿಸು’ ಎಂದು ಮಗುವನ್ನೇ ಗದರುತ್ತಾರೆ. ಅದು ಚೇಷ್ಟೆ ಅಲ್ಲ. ಸೀನು ಬರುವ ಮುಂಚೆ ಮೂಗಿನಲ್ಲಿ ಕಚಗುಳಿ ಆಗುತ್ತದಲ್ಲ, ಹಾಗೆ ಮೈಯೊಳಗೆ ಒಂದು ಒತ್ತಡ ಏಳುತ್ತದೆ. ಸ್ವಲ್ಪ ಹೊತ್ತು ತಡೆಯಬಹುದು, ಪೂರ್ತಿ ತಡೆಯುವುದು ಕಷ್ಟ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಸಾಮಾನ್ಯವಾಗಿ 5–7 ವರ್ಷಕ್ಕೆ ಶುರುವಾಗಿ 10–12ರ ಹೊತ್ತಿಗೆ ಜೋರಾಗುತ್ತದೆ, ಹದಿಹರೆಯ ಮುಗಿಯುವಷ್ಟರಲ್ಲಿ ಬಹಳ ಮಂದಿಗೆ ತಗ್ಗುತ್ತದೆ. ನಡುವೆ ಕೆಲವು ವಾರ ಹೆಚ್ಚು, ಕೆಲವು ವಾರ ಕಡಿಮೆ. ಅದಕ್ಕೇ ಕಡಿಮೆಯಾದ ವಾರ ಕಟ್ಟಿದ ತಾಯಿತಕ್ಕೆ ಹೆಸರು ಬರುತ್ತದೆ.

ಇದಕ್ಕೂ ತರಬೇತಿ ಇದೆ. ಒತ್ತಡ ಏಳುತ್ತಿದೆ ಎಂದು ಗುರುತಿಸುವುದು, ಆ ಕೂಡಲೇ ಟಿಕ್‌ಗೆ ಎದುರಾದ ಒಂದು ಚಲನೆ ಮಾಡುವುದು. ಕುತ್ತಿಗೆ ಸೆಳೆಯುವ ಮಗು ಗಲ್ಲವನ್ನು ಸ್ವಲ್ಪ ಕೆಳಗೆ ತಂದು, ಒತ್ತಡ ಹೋಗುವವರೆಗೂ ಕುತ್ತಿಗೆಯನ್ನು ಮೆತ್ತಗೆ ಬಿಗಿ ಹಿಡಿಯುತ್ತದೆ. 2010ರಲ್ಲಿ ಅಮೆರಿಕದಲ್ಲಿ 9ರಿಂದ 17 ವರ್ಷದ 126 ಮಕ್ಕಳಲ್ಲಿ ಪರೀಕ್ಷಿಸಿದಾಗ, ಹತ್ತು ವಾರಕ್ಕೆ ಈ ತರಬೇತಿ ಪಡೆದವರಲ್ಲಿ ಶೇ 52.5 ಮಂದಿ ಚೆನ್ನಾಗಿ ಸುಧಾರಿಸಿದರು; ಬರೀ ತಿಳಿವಳಿಕೆ, ಸಾಂತ್ವನ ಪಡೆದವರಲ್ಲಿ ಶೇ 18.5. ಮಕ್ಕಳೇ, ನಿಮ್ಮ ತರಗತಿಯಲ್ಲಿ ಹೀಗೆ ಕಣ್ಣು ಮಿಟುಕಿಸುವ ಗೆಳೆಯ ಇದ್ದರೆ ನೀವು ಮಾಡಬೇಕಾದದ್ದು ಬಹಳ ಸುಲಭ: ಅದರ ಮಾತೇ ಎತ್ತದೆ ಆಟಕ್ಕೆ ಕರೆಯುವುದು. ನೋಡುತ್ತಿದ್ದಾರೆ, ನಗುತ್ತಿದ್ದಾರೆ ಎಂದಾಗ ಟಿಕ್ ಹೆಚ್ಚುತ್ತದೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಂಟಲು ನೋವು, ಜ್ವರ ಬಂದುಹೋದ ಬೆನ್ನಲ್ಲೇ ಗೀಳು ಅಥವಾ ಟಿಕ್ ರಾತ್ರೋರಾತ್ರಿ ಶುರುವಾದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಸ್ಟ್ರೆಪ್ಟೊಕಾಕಸ್ ಎಂಬ ಗಂಟಲಿನ ಸೋಂಕಿಗೂ ಇದಕ್ಕೂ ನಂಟಿದೆ ಎಂದು ಸೂಸನ್ ಸ್ವೀಡೊ ಮತ್ತು ಸಂಗಡಿಗರು 1998ರಲ್ಲಿ 50 ಮಕ್ಕಳನ್ನು ನೋಡಿ ಬರೆದರು. ವಿಜ್ಞಾನಿಗಳಲ್ಲಿ ಆ ವಾದ ಇನ್ನೂ ಮುಗಿದಿಲ್ಲ.

ಆ ಹುಡುಗನ ತಾಯಿಯ ಮಾತಿಗೆ ಬರೋಣ. ಗೀಳು ಅಥವಾ ಭಯ ಕೇಳಿದ್ದನ್ನೆಲ್ಲ ಮನೆಯವರು ನಡೆಸಿಕೊಡುವುದಕ್ಕೆ ಸಂಶೋಧಕರು ‘ಫ್ಯಾಮಿಲಿ ಅಕಾಮಡೇಶನ್’ ಎಂದು ಹೆಸರಿಟ್ಟಿದ್ದಾರೆ. ಯೇಲ್ ವಿಶ್ವವಿದ್ಯಾಲಯದ ಎಲೈ ಲೆಬೊವಿಟ್ಜ್ ಇದನ್ನೇ ಹಿಡಿದು ಒಂದು ಚಿಕಿತ್ಸೆ ಕಟ್ಟಿದರು. ಅದರ ಹೆಸರು ಸ್ಪೇಸ್. ವಿಶೇಷವೆಂದರೆ ಇದರಲ್ಲಿ ಮಗು ಚಿಕಿತ್ಸಕರ ಬಳಿ ಹೋಗುವುದೇ ಇಲ್ಲ, ಹೋಗುವವರು ಹೆತ್ತವರು! 7ರಿಂದ 14 ವರ್ಷದ, ಆತಂಕದ ಕಾಯಿಲೆಯಿದ್ದ 124 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ಕೆಲವರಲ್ಲಿ ಮಗುವಿಗೇ ನೇರ ತರಬೇತಿ, ಉಳಿದವರಲ್ಲಿ ತಂದೆತಾಯಿಗೆ ಮಾತ್ರ. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತಂದೆತಾಯಿಗೆ ಮಾತ್ರ ಕಲಿಸಿದ್ದು ಮಗುವಿಗೆ ನೇರವಾಗಿ ಕಲಿಸಿದ್ದಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ. ಚಿಕಿತ್ಸೆಗೆ ಬರಲೊಲ್ಲದ ಮಗುವಿನ ಮನೆಗೆ ಇದೆಷ್ಟು ದೊಡ್ಡ ಆಸರೆ ಎಂದು ಯೋಚಿಸಿ.

ಹೆತ್ತವರು ಕಲಿಯುವುದು ಎರಡು ಸಂಗತಿ. ಒಂದು, ಮಗುವಿಗೆ ಎರಡು ಎಳೆಯ ಮಾತು ಹೇಳುವುದು: ‘ನಿನಗೆ ನಿಜವಾಗಿಯೂ ಭಯ ಆಗ್ತಿದೆ ಅಂತ ಗೊತ್ತು ಪುಟ್ಟಾ. ಅದನ್ನ ತಡೆದುಕೊಳ್ಳೋ ಶಕ್ತಿ ನಿನಗಿದೆ ಅಂತಲೂ ಗೊತ್ತು.’ ಮೊದಲ ಎಳೆ ಬಿಟ್ಟರೆ ಬೈಗುಳವಾಗುತ್ತದೆ, ಎರಡನೆಯದು ಬಿಟ್ಟರೆ ಬರೀ ಮುದ್ದಾಗುತ್ತದೆ. ಇನ್ನೊಂದು, ನಡೆಸಿಕೊಡುತ್ತಿದ್ದ ಕೆಲಸಗಳಲ್ಲಿ ಒಂದನ್ನು ಆರಿಸಿ, ಮಗುವಿಗೆ ಮುಂಚಿತವಾಗಿ ತಿಳಿಸಿ, ಕಡಿಮೆ ಮಾಡುವುದು. ಮಗುವನ್ನು ಬದಲಾಯಿಸುವ ಮಾತೇ ಇಲ್ಲ. ಬದಲಾಗುವುದು ದೊಡ್ಡವರ ನಡೆ. ಮೊದಲ ಕೆಲವು ದಿನ ಅಳು, ಸಿಟ್ಟು ಇದ್ದೇ ಇರುತ್ತದೆ. ಆಗ ವಾದಕ್ಕೆ ಇಳಿಯಬಾರದು, ಶಿಕ್ಷಿಸಲೂಬಾರದು.

ಇಲ್ಲಿ ಅಜ್ಜ ಅಜ್ಜಿಯರ ಪಾತ್ರ ದೊಡ್ಡದು. ಅಪ್ಪ ಅಮ್ಮ ಗಟ್ಟಿ ಮನಸ್ಸು ಮಾಡಿ ಬಾಗಿಲಿನ ಪ್ರಶ್ನೆಗೆ ಒಂದೇ ಸಲ ಉತ್ತರ ಕೊಟ್ಟು ಸುಮ್ಮನಾದ ರಾತ್ರಿ, ಅಜ್ಜಿ ಒಳಗಿನ ಕೋಣೆಯಿಂದ ‘ಹಾಕಿದೆ ಬಂಗಾರಾ, ಮಲಗು’ ಎಂದು ಪಿಸುಗುಟ್ಟಿದರೆ ವಾರದ ಶ್ರಮ ನೀರಿಗೆ ಹೋಯಿತು. ಅದೇ ಅಜ್ಜಿ ಬೆಳಿಗ್ಗೆ ‘ರಾತ್ರಿ ಎಷ್ಟು ಧೈರ್ಯವಾಗಿ ಮಲಗಿದೆ ಅಂತ ಅಮ್ಮ ಹೇಳಿದಳು’ ಎಂದರೆ ಮಗುವಿನ ಮುಖ ಅರಳುತ್ತದೆ. ನೆಂಟರಿಷ್ಟರನ್ನು ಹೀಗೆ ಬೆಂಬಲಕ್ಕೆ ಕರೆದುಕೊಳ್ಳುವುದು ಸ್ಪೇಸ್ ವಿಧಾನದ ಒಂದು ಭಾಗವೇ. ಅವಿಭಕ್ತ ಕುಟುಂಬ ಹಾಳಾಯಿತೆಂದು ನಾವು ಗೊಣಗುತ್ತೇವೆ. ಅಮೆರಿಕದವರು ಅಜ್ಜ ಅಜ್ಜಿಗೆ ಫೋನ್ ಮಾಡಿ ಸಹಾಯ ಕೇಳಿ ಎಂದು ಹೆತ್ತವರಿಗೆ ಹೇಳಿಕೊಡುತ್ತಿದ್ದಾರೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ, ಮಕ್ಕಳ ಮನೋವೈದ್ಯ ವಿಭಾಗವೂ ಇದೆ. ದೂರದ ಊರಿನವರು ಮೊದಲು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ ಅದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವ ಮುಂಚೆ ಒಂದು ವಾರ ನೋಟ್‌ಬುಕ್ಕಿನಲ್ಲಿ ನಮ್ಮ ಲೆಡ್ಜರಿನ ಹಾಗೆ ಎರಡು ಕಾಲಂ ಎಳೆದು ಬರೆದಿಡಿ. ಎಡಗಡೆ, ಮಗು ಏನು ಮಾಡಿತು, ಎಷ್ಟು ಹೊತ್ತು. ಬಲಗಡೆ, ಆಗ ಮನೆಯಲ್ಲಿ ಯಾರು ಏನು ಮಾಡಿಕೊಟ್ಟರು. ಬಲಗಡೆಯ ಕಾಲಂ ತುಂಬುವ ಕೆಲಸ ಅಜ್ಜಿಯದೇ ಆಗಲಿ. ಅಡುಗೆಮನೆಯಿಂದ ಹಿತ್ತಿಲವರೆಗೆ ನಡೆಯುವುದೆಲ್ಲ ಅವರ ಕಣ್ಣಿಗೇ ಮೊದಲು ಬೀಳುವುದು.