ತಂತಿಯ ತುದಿಯಲ್ಲಿ ವಿಮಾನ
ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಿಮ್ ವಾಕರ್ 1940ರ ದಶಕದಲ್ಲಿ ಜನಪ್ರಿಯಗೊಳಿಸಿದ ಕಂಟ್ರೋಲ್ ಲೈನ್ ಮಾದರಿ ವಿಮಾನಕ್ಕೆ ರೇಡಿಯೋ ಬೇಡ. ಎರಡು ಸಪೂರ ಉಕ್ಕಿನ ತಂತಿ, ಒಂದು ಹಿಡಿ, ಪಳಗಿದ ಕೈ ಸಾಕು. ವಾಕರ್ ಪಡೆದಿದ್ದ ಪೇಟೆಂಟ್ ಮಾತ್ರ ಕೊನೆಗೆ ಉಳಿಯಲಿಲ್ಲ. ಓಬಾ ಸೇಂಟ್ ಕ್ಲೇರ್ ಎಂಬವರು ಅದಕ್ಕೂ ಮೊದಲೇ ಇಂಥದನ್ನು ಹಾರಿಸಿದ್ದರೆಂದು ನ್ಯಾಯಾಲಯ ಒಪ್ಪಿತು.

ಗುಟ್ಟಿರುವುದು ವಿಮಾನದಲ್ಲಿ ತಂತಿಗಳನ್ನು ಸಿಕ್ಕಿಸಿರುವ ಬೆಲ್‌ಕ್ರ್ಯಾಂಕ್ ಎಂಬ ಪುಟ್ಟ ಸನ್ನೆಯಲ್ಲಿ. ಹಿಡಿಯನ್ನು ವಾಲಿಸಿದರೆ ಒಂದು ತಂತಿ ಹಿಂದಕ್ಕೆ ಬರುತ್ತದೆ, ಇನ್ನೊಂದು ಮುಂದಕ್ಕೆ ಹೋಗುತ್ತದೆ. ಬೆಲ್‌ಕ್ರ್ಯಾಂಕ್ ತಿರುಗಿ, ಕಡ್ಡಿಯೊಂದರ ಮೂಲಕ ಬಾಲದಲ್ಲಿನ ಎಲಿವೇಟರ್ ಎಂಬ ಪಟ್ಟಿಯನ್ನು ಮೇಲಕ್ಕೋ ಕೆಳಕ್ಕೋ ಬಾಗಿಸುತ್ತದೆ. ವಿಮಾನ ಹಾರಿಸುವವರ ಸುತ್ತಲೇ ಸುತ್ತಬೇಕು, ನಿಜ. ಆದರೆ ಏರಬಹುದು, ಇಳಿಯಬಹುದು, ಲಾಗವನ್ನೂ ಹಾಕಬಹುದು.

ಕಟ್ಟುವುದಕ್ಕೆ ಹಗುರವಾದ ಬಾಲ್ಸಾ ಮರವೇ ಅಚ್ಚುಮೆಚ್ಚು. ಹೊರಬದಿಯ ರೆಕ್ಕೆತುದಿಗೆ ಕೊಂಚ ತೂಕ ಸೇರಿಸುತ್ತಾರೆ, ಒಳಬದಿಯ ತಂತಿಗಳ ಭಾರಕ್ಕೆ ಅದು ಸರಿದೂಗಬೇಕು.

ಮೊದಲ ಹಾರಾಟಕ್ಕೆ ಅವಸರ ಸಲ್ಲದು. ಮೂತಿ ತುಸು ಭಾರವಿರಲಿ. ಬಾಲ ಭಾರವಾದರೆ ವಿಮಾನ ಹತೋಟಿಗೆ ಸಿಗುವುದಿಲ್ಲ. ತಂತಿಗಳನ್ನು ಜೋರಾಗಿ ಎಳೆದು ನೋಡಬೇಕು. ಹಿಡಿಯನ್ನು ಮೇಲಕ್ಕೆ ವಾಲಿಸಿದಾಗ ಎಲಿವೇಟರ್ ಮೇಲೇಳುತ್ತದೆಯೇ? ತಂತಿ ಅದಲುಬದಲಾಗಿದ್ದರೆ ವಾರಗಟ್ಟಲೆಯ ದುಡಿಮೆ ಕ್ಷಣದಲ್ಲಿ ಪುಡಿಪುಡಿ.

ಆರಂಭದ ಸುತ್ತುಗಳು ಒಂದೇ ಎತ್ತರದಲ್ಲಿರಲಿ, ಲಾಗ ಆಮೇಲೆ. ವಿದ್ಯುತ್ ತಂತಿಗಳ ಹತ್ತಿರ ಮಾತ್ರ ಯಾವತ್ತೂ ಹಾರಿಸಬೇಡಿ: ಉಕ್ಕಿನ ತಂತಿ ತಗುಲಿದರೆ ಪ್ರಾಣಕ್ಕೇ ಅಪಾಯ.