ಅಗಸಿ ಉಂಡ ಕುದುರೆ

ಅಥಣಿಯಿಂದ ವಿಜಯಪುರದ ದಾರಿ ಹಿಡಿದು ಐಗಳಿ ದಾಟಿದರೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಕೃಷ್ಣೆಯ ದಂಡೆಯ ಕಬ್ಬಿನ ಹಸಿರು ಹಿಂದೆ ಉಳಿದು ಬಿಳಿಜೋಳ, ಕಡಲೆ, ಕುಸುಬೆ, ನಡುನಡುವೆ ದ್ರಾಕ್ಷಿಯ ಹಂದರಗಳು ಎದುರಾಗುತ್ತವೆ. ತೆಲಸಂಗ ಈ ಒಣಭೂಮಿಯ ಊರು. ದೀಪಾವಳಿ ಮುಗಿದು ಬೆಳಗಿನ ಗಾಳಿ ಕೊರೆಯತೊಡಗಿದ ದಿನಗಳಲ್ಲಿ ಊರಂಚಿನ ತಗಡಿನ ಕೊಟ್ಟಿಗೆಯ ಮುಂದೆ ಕೆಂಪು ಕುದುರೆಯೊಂದು ತಲೆ ಇಳಿಬಿಟ್ಟು ನಿಂತಿದೆ.

ಇದು ಕುರಿಗಾರರ ಕುದುರೆ. ಹಟ್ಟಿ ಹೊರಟರೆ ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ಆಗಷ್ಟೇ ಹುಟ್ಟಿದ ಕುರಿಮರಿ, ಎಲ್ಲ ಇದರ ಬೆನ್ನಿಗೇ. ಮೈಕಟ್ಟು ಸಣ್ಣದು, ಕಾಲು ಗಟ್ಟಿ. ಮರಾಠಾ ದಂಡುಗಳಲ್ಲಿ ಓಡಿದ ಭೀಮಾ ಕಣಿವೆಯ ಕುದುರೆಗಳ ಬಳಗಕ್ಕೆ ಹತ್ತಿರದ್ದು. ಆ ಭೀಮಥಡಿ ತಳಿಗೆ ಈಚೆಗಷ್ಟೇ ದೇಶದ ತಳಿಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಆದರೆ ಅಲೆದು ಬಂದ ಈ ಕುದುರೆಯ ಮೈ ಬೂದಿ ಬಳಿದ ಹಾಗಿದೆ. ಕೂದಲು ನಿಮಿರಿ ನಿಂತಿದೆ, ತುದಿ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಪಕ್ಕೆಲುಬು ಕಾಣುತ್ತದೆ, ಹೊಟ್ಟೆ ಮಾತ್ರ ಜೋತುಬಿದ್ದಿದೆ.

ಮಾಘದ ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ. ಅಷ್ಟರೊಳಗೆ ಕುದುರೆ ಮಿಂಚಬೇಕೆಂಬ ಹಟ ಕುದುರೆಯ ಯಜಮಾನ ಮುತ್ಯಾನ ಮೊಮ್ಮಗನದು. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ.

“ಮುತ್ಯಾ, ಇಡೀ ಮೈಗೆ ತಿಕ್ಕಿಬಿಡ್ಲೇನು?”

“ತಿಕ್ಕಿದ್ರ ಧೂಳ ಕುಂದ್ರತೈತಿ. ಮೊದ್ಲ ಡಾಕ್ಟರ್ ಸಾಹೇಬ್ರಿಗೆ ತೋರ್ಸೂಣು.”

ಡಾಕ್ಟರರು ಬಂದವರೇ ಕೂದಲು ಮುಟ್ಟಲಿಲ್ಲ. ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿದರು. ಕೆಂಪು ಇರಬೇಕಾದಲ್ಲಿ ಬಿಳಿಚು. ಲದ್ದಿ ಒಡೆದು ನೋಡಿದರು. ಕಡಲೆ ಇಡಿಯಾಗಿಯೇ ಹೊರಬಿದ್ದಿತ್ತು. ಬಾಯಿ ತೆರೆಸಿದರೆ ದವಡೆಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿತ್ತು. ಹಲ್ಲಿಗೆ ಅರ ಹಾಕಿಸಬೇಕು, ಲದ್ದಿಯಲ್ಲಿ ಹುಳುವಿನ ತತ್ತಿ ಇದೆಯೇ ಎಂದು ಪರೀಕ್ಷೆ ಮಾಡಿಸಿ ತೂಕ ನೋಡಿ ಔಷಧ ಹಾಕಬೇಕು ಎಂದರು. ಒಂದು ಹನಿ ರಕ್ತವನ್ನೂ ತೆಗೆದುಕೊಂಡರು: ರಕ್ತ ಹೀರುವ ದೊಡ್ಡ ನೊಣಗಳು ಹರಡುವ ಸರ್ರಾ ರೋಗದಲ್ಲೂ ಜ್ವರ ಬಂದು ಬಂದು ಹೋಗಿ, ಮೈ ಹೀಗೆಯೇ ಸೊರಗುತ್ತದೆ. ಉಣ್ಣಿ ಹುಳುವಿಗೆಂದು ಸೀಮೆಎಣ್ಣೆ ಸವರುವ ರೂಢಿಯನ್ನು ಕಟ್ಟುನಿಟ್ಟಾಗಿ ಬಿಡಿಸಿದರು; ಅದು ಉಣ್ಣಿಯ ಜೊತೆ ತೊಗಲನ್ನೂ ಸುಡುತ್ತದೆ.

ಆಮೇಲೆ ಮೇವಿನ ಮಾತು. ಕುದುರೆ ಎತ್ತಿನಂತೆ ಮೆಲುಕು ಹಾಕುವುದಿಲ್ಲ. ಅದು ತಿಂದ ನಾರು ಹುಳಿತು ಜೀರ್ಣವಾಗುವುದು ಹೊಟ್ಟೆಯಲ್ಲಲ್ಲ, ಹಿಂದಿನ ದೊಡ್ಡ ಕರುಳಿನಲ್ಲಿ. ಒಮ್ಮೆ ನುಂಗಿದ್ದನ್ನು ಕಕ್ಕಲೂ ಬಾರದು. ಹಾಗಾಗಿ ದಾಣಿ ಒಮ್ಮೆಲೇ ಸುರಿದರೆ ಶೂಲೆ, ಇಲ್ಲವೇ ಗೊರಸಿನ ಬಾವು. 250 ಕಿಲೋ ತೂಗುವ ಕುದುರೆಗೆ ದಿನಕ್ಕೆ 5 ಕಿಲೋದಷ್ಟು ಒಣಮೇವು ಬೇಕು, ಅದೂ ಸ್ವಲ್ಪಸ್ವಲ್ಪವಾಗಿ ದಿನವಿಡೀ. ಬರೀ ಜೋಳದ ಕಣಿಕೆಯಿಂದ ಹೊಟ್ಟೆ ತುಂಬೀತು, ಕೂದಲು ಬೆಳೆಯದು. ಕೂದಲೆಂದರೆ ಬಹುಪಾಲು ಪ್ರೊಟೀನು. ಅದಕ್ಕೆ ಬಣ್ಣ ಹಿಡಿಯಲು ತಾಮ್ರ, ಸತುವಿನ ಅಂಶ ಬೇಕು. ಹಸಿ ಕುದುರೆಮಸಾಲೆ ಸೊಪ್ಪು, ನೆನೆಸಿದ ಕಡಲೆ ಅಥವಾ ಹುರುಳಿ, ಡಾಕ್ಟರರು ಹೇಳಿದಷ್ಟು ಖನಿಜಪುಡಿ ಕೊಡಬೇಕು; ಉಪ್ಪು ಹಿಡಿಗಟ್ಟಲೆ ಅಲ್ಲ, ದಿನಕ್ಕೆ 15 ಗ್ರಾಮು. ಗೋಧಿ ಬೂಸಾ ಅತಿಯಾದರೆ ರಂಜಕ ಹೆಚ್ಚಿ ಎಲುಬಿನ ಸುಣ್ಣ ಕರಗುತ್ತದೆ. ಬೂಸು ಹಿಡಿದ ಶೇಂಗಾ ಹಿಂಡಿಯಂತೂ ಬೇಡವೇ ಬೇಡ. ಕೋಳಿಯ ದಾಣಿಯಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿದ್ದರೆ ಕುದುರೆಯ ಎದೆಯೇ ನಿಂತೀತು.

ಮಿಂಚಿನ ಗುಟ್ಟು ಅಡುಗೆಮನೆಯಲ್ಲೇ ಇತ್ತು. ರೊಟ್ಟಿಯ ಪಕ್ಕಕ್ಕೆ ಹಿಂಡಿ ಕುಟ್ಟಲು ಇಟ್ಟ ಅಗಸಿಯಲ್ಲಿ ಒಮೇಗಾ-3 ಕೊಬ್ಬು ಹೇರಳ. ದಿನಕ್ಕೆ 50 ಗ್ರಾಮು ಸಾಕು. ಬೆಚ್ಚಗಿನ ನೀರಿನಲ್ಲಿ ನೆನೆಯಿಟ್ಟರೆ ಅದರಲ್ಲಿ ಸೈನೈಡ್ ವಿಷ ಹುಟ್ಟುತ್ತದೆ. ಆದ್ದರಿಂದ ಕುದಿಯುವ ನೀರಿಗೇ ಸುರಿದು ಗಂಜಿಯಾಗುವ ತನಕ ಬೇಯಿಸಬೇಕು. ಹೊಸ ಮೇವು ಯಾವುದೇ ಇರಲಿ, 7ರಿಂದ 10 ದಿನ ಸ್ವಲ್ಪಸ್ವಲ್ಪವೇ ಏರಿಸಬೇಕು.

ಸುದ್ದಿ ಹಬ್ಬಿ ಕಟ್ಟೆಯ ಮೇಲಿನವರು ಒಬ್ಬೊಬ್ಬರಾಗಿ ಬಂದರು. “ತತ್ತಿ ಒಡದ ಹಾಕ್ರಿ.” “ಹಾಲು ತುಪ್ಪ ಕುಡಸ್ರಿ.” ಕುದುರೆಗೆ ಮನುಷ್ಯನ ಹಬ್ಬದೂಟ ಬಡಿಸುವ ಆಸೆ ಹಳೆಯದು. 13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ, ಅಲ್ಲಿ ಕುದುರೆಗಳಿಗೆ ಅನ್ನದ ಜೊತೆ ಬೇಯಿಸಿದ ಮಾಂಸ ತಿನ್ನಿಸುವುದನ್ನು ಬರೆದಿದ್ದಾನೆ. ಸಾಗರದಾಚೆಯಿಂದ ತಂದ ಕುದುರೆಗಳು ಅಲ್ಲಿ ಬಹುಕಾಲ ಬಾಳುತ್ತಿರಲಿಲ್ಲವೆಂದೂ ಹೇಳುತ್ತಾನೆ. ಮುತ್ಯಾ ಎಲ್ಲರ ಮಾತಿಗೂ ಹೂಂಗುಟ್ಟಿ, ಅಗಸಿ ಗಂಜಿಯನ್ನೇ ಕಲಸಿದ.

ಮೊಮ್ಮಗನ ಕೈಗೆ ಎಣ್ಣೆಯ ಬದಲು ಮಾಲೀಸಿನ ಕೆಲಸ ಬಂತು. ಮೊದಲು ಒರಟು ಬ್ರಷ್ಷಿನಿಂದ ಸುತ್ತುಸುತ್ತಾಗಿ ತಿಕ್ಕಿ ಹೊಟ್ಟು, ಧೂಳು, ಸತ್ತ ಕೂದಲು ಎಬ್ಬಿಸಬೇಕು. ಆಮೇಲೆ ಕೂದಲು ಮಲಗುವ ದಿಕ್ಕಿಗೆ ಮೆತ್ತಗೆ ಎಳೆಯಬೇಕು. ಕೊನೆಗೆ ಒಣ ಗೋಣಿತಟ್ಟಿನಿಂದ ಒರಸಬೇಕು. ತೊಗಲಿನ ಗ್ರಂಥಿಗಳು ತಾವೇ ಜಿಡ್ಡು ಒಸರುತ್ತವೆ, ತಿಕ್ಕುವ ಕೈ ಅದನ್ನು ಕೂದಲುದ್ದಕ್ಕೂ ಹರಡುತ್ತದೆ. ಸೋಪು ಆ ಜಿಡ್ಡನ್ನು ತೊಳೆದುಬಿಡುತ್ತದೆ, ಹಾಗಾಗಿ ದಿನಾ ಸೋಪಿನ ಸ್ನಾನವಿಲ್ಲ. ದುಡಿದು ಬಂದಾಗ ಬೆವರಿನ ಉಪ್ಪು ಹೋಗುವಷ್ಟು ಬರೀ ನೀರು. ಮಧ್ಯಾಹ್ನ ಬೇವಿನ ನೆರಳು, ಏಕೆಂದರೆ ಬಿಸಿಲೂ ಕೂದಲಿನ ಬಣ್ಣ ಸುಡುತ್ತದೆ.

ವಾರ ಕಳೆದರೂ ಏನೂ ಕಾಣದೆ ಹುಡುಗ ಮುಖ ಸಣ್ಣ ಮಾಡಿದ. ಈಗಾಗಲೇ ಹೊರಬಂದ ಕೂದಲು ಸತ್ತ ವಸ್ತು, ಅದಕ್ಕೆ ಯಾವ ಗಂಜಿಯೂ ತಾಗದು. ಇವತ್ತಿನ ಮೇವು ಇನ್ನು ಹುಟ್ಟುವ ಕೂದಲಿಗೆ. ಎರಡು ತಿಂಗಳಾದರೂ ಕಾಯಬೇಕು. ಸಂಕ್ರಾಂತಿ ಕಳೆದು ಹಗಲು ಉದ್ದವಾದಂತೆ ಚಳಿಗಾಲದ ಕೂದಲು ಬ್ರಷ್ಷಿಗೆ ಗುಪ್ಪೆಗುಪ್ಪೆಯಾಗಿ ಬರತೊಡಗಿತು. ಮೊದಲು ಮುಖ, ಆಮೇಲೆ ಕೊರಳು, ಭುಜ. ಅಡಿಯಿಂದ ಎದ್ದ ಹೊಸ ಕೂದಲು ಸಣ್ಣಗೆ, ಒತ್ತಾಗಿ, ಕಡುಗೆಂಪಾಗಿ ಮಲಗಿತ್ತು.

ಜಾತ್ರೆ ಹತ್ತಿರ ಬಂದಾಗ ಕುದುರೆ ಎರಡು ಬಣ್ಣದ್ದಾಗಿತ್ತು: ಮುಂದಿನರ್ಧ ಮಿಂಚು, ಹೊಟ್ಟೆಯ ಮೇಲೆ ಇನ್ನೂ ಹಳೆಯ ತುಕ್ಕು.

“ಹೊಟ್ಟಿ ಕಡೆಗಷ್ಟ ಎಣ್ಣಿ ಹಚ್ಚೂಣೇನು, ಮುತ್ಯಾ?”

“ಬ್ಯಾಡ. ಕುದರಿ ಗೊತ್ತಿದ್ದಂವ ಮೊದ್ಲ ಮೈಮ್ಯಾಲೆ ಬೆರಳ ಎಳದ ನೋಡ್ತಾನ. ಎಣ್ಣಿ ಹತ್ತಿದ್ರ ಕುದರೀನೂ ನಂಬಂಗಿಲ್ಲ, ನಮ್ಮನ್ನೂ ನಂಬಂಗಿಲ್ಲ. ಹಿಂಗ ಹೋದ್ರ, ಯಾವಾಗಿಂದ ಚಲೋ ಮೇವು ಬಿತ್ತಂತ ಅಂವಗ ತಾನ ತಿಳಿತೈತಿ.”